ಸನ್ನೆ ಭಾಷೆನ ಮಾತಲ್ಲೂ ಬರೆದುಕೊಡಿ: ಕಣ್ಣು ಕಾಣದ ಅತ್ತೆಯೊಬ್ಬಳ ಬಹಿರಂಗ ಪತ್ರ

ಸನ್ನೆ ಭಾಷೆಯ ಪಾಠ, ವಿಡಿಯೋ, ಆಪ್ ತಯಾರು ಮಾಡೋ ಸರ್ಕಾರಿ ಸಂಸ್ಥೆಗಳ ಅಧಿಕಾರಿಗಳಿಗೆ,
ಮತ್ತೆ ಶಿವಮೊಗ್ಗ ಜಿಲ್ಲೆಯಲ್ಲಿ ಅಂಗನವಾಡಿ, ಶಾಲೆ, ವಿಕಲಚೇತನರ ಕೆಲಸ ನೋಡ್ಕೊಳ್ಳೋ ಎಲ್ಲಾ ಸಾಹೇಬರಿಗೆ, ಮೇಡಂಗಳಿಗೆ,

ವಿಷಯ: ಸಣ್ಣ ಮಕ್ಕಳಿಗೆ ಸನ್ನೆ ಭಾಷೆ ಕಲಿಸೋದು ಹೇಗೆ ಅನ್ನೋ ಮಾಹಿತಿ ಕಣ್ಣು ಕಾಣದವರಿಗೂ ಸಿಗೋ ಹಾಗೆ ಕನ್ನಡದಲ್ಲಿ ಕೊಡಬೇಕು ಅಂತ ಕೇಳ್ಕೊಳ್ಳೋದು.

ಮಾನ್ಯರೇ,

ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯವಳು. ನಂಗೆ ಕಣ್ಣು ಕಾಣಲ್ಲ. ಹೈಸ್ಕೂಲಿಗೆ ಹೋಗೋ ಹೊತ್ತಿಗೆ ರಾತ್ರಿ ಕಾಣೋದು ನಿಂತಿತ್ತು, ಡಿಗ್ರಿ ಮುಗಿಯೋ ಹೊತ್ತಿಗೆ ಹಗಲೂ ಹೋಯ್ತು. ನಮ್ಮಣ್ಣನ ಮಗಳು ಪುಟ್ಟಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಅವಳಿಗೀಗ ಮೂರು ವರ್ಷ. ಅಣ್ಣ ಅತ್ತಿಗೆ ಇಬ್ಬರೂ ಬೆಳಿಗ್ಗೆ ತೋಟಕ್ಕೆ ಇಳಿದ್ರೆ ಮಧ್ಯಾಹ್ನ ಊಟಕ್ಕೇ ಮೇಲೆ ಬರೋದು, ಹಂಗಾಗಿ ಹಗಲೆಲ್ಲ ಮನೇಲಿ ಇರೋದು ನಾನು ಮತ್ತೆ ಅವಳು. ಇಷ್ಟು ಓದಿ ಅಯ್ಯೋ ಪಾಪ ಅಂತ ಅನ್ಸಿದ್ರೆ ಅದನ್ನ ಅಲ್ಲೇ ಬಿಟ್ಟು ಮುಂದೆ ಓದಿ ದಯವಿಟ್ಟು, ಯಾಕಂದ್ರೆ ನಾವಿಬ್ಬರೂ ಚೆನ್ನಾಗೇ ಇದೀವಿ, ನಮಗೆ ಕಮ್ಮಿ ಬಿದ್ದಿರೋದು ಒಂದೇ, ಪುಟ್ಟಿ ಜತೆ ಸನ್ನೆ ಭಾಷೇಲಿ ಹೇಗೆ ಮಾತಾಡೋದು ಅನ್ನೋ ಮಾಹಿತಿ, ಅದೂ ನಾನು ಓದಕ್ಕೆ ಆಗೋ ರೂಪದಲ್ಲಿ.

ಇದನ್ನ ಫೋನ್‌ಗೆ ಹೇಳಿ ಟೈಪ್ ಮಾಡಿಸ್ತಿದೀನಿ, ಆಮೇಲೆ ಟಾಕ್‌ಬ್ಯಾಕ್ (ಸ್ಕ್ರೀನ್ ಮೇಲೆ ಇರೋದನ್ನ ಫೋನೇ ಓದಿ ಹೇಳೋ ವ್ಯವಸ್ಥೆ) ಹಾಕಿ ಕೇಳಿಸ್ಕೊಂಡು ತಿದ್ದಿದೀನಿ. ಅಲ್ಲಲ್ಲಿ ವಾಕ್ಯ ಉದ್ದ ಆಗಿದ್ರೆ, ಕಾಗುಣಿತ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಫೋನ್ ಉಪಯೋಗಿಸಕ್ಕೆ ನಂಗೆ ಬರತ್ತೆ ಅನ್ನೋದನ್ನ ಮೊದಲೇ ಹೇಳ್ತಿರೋದು ಯಾಕಂದ್ರೆ, ಒಂದು ಆಫೀಸಲ್ಲಿ ನಾನು ಮಾಹಿತಿ ಕೇಳಿದಾಗ ನನ್ನನ್ನ ಬಿಟ್ಟು ಪಕ್ಕದಲ್ಲಿ ನಿಂತಿದ್ದ ಅಣ್ಣನ ಹತ್ರ ಮಾತಾಡಿದ್ರು, ಇವರಿಗೆ ಫೋನ್ ನೋಡಕ್ಕೆ ಬರತ್ತಾ ಅಂತ.

ಅದೇ ಆಫೀಸಲ್ಲಿ ನಂಗೆ ಸಿಕ್ಕ ಉತ್ತರ ಹೀಗಿತ್ತು: "ಅಮ್ಮಾ, ಸನ್ನೆ ಭಾಷೆ ಅಂದ್ರೆ ಕಣ್ಣಲ್ಲಿ ನೋಡೋದು. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ, ಮನೇಲಿ ಕಣ್ಣಿರೋರು ಯಾರಾದ್ರೂ ಕಲೀಲಿ." ಹೇಳಿದವರು ಕೆಟ್ಟವರಲ್ಲ, ಕಾಫಿ ಕೂಡ ಕೊಟ್ರು. ಆದ್ರೆ ಆ ಮಾತಿನ ಅರ್ಥ ಏನಾಯ್ತು ನೋಡಿ. ಬೆಳಿಗ್ಗೆ ಎಂಟರಿಂದ ಒಂದೂವರೆ ತನಕ ನಂಜತೆ ಇರೋ ಮಗು, ಅಷ್ಟು ಹೊತ್ತು ಯಾರ ಜತೇನೂ ಮಾತಾಡದೆ ಇರಲಿ ಅಂತ. ಮೂರು ವರ್ಷದ ಮಗು ಇಡೀ ಬೆಳಗ್ಗೆ ಮಾತಿಲ್ಲದೆ ಇರೋದನ್ನ ಕಿವಿ ಕೇಳೋ ಮಕ್ಕಳ ಮನೇಲಿ ಯಾರಾದ್ರೂ ಒಪ್ತಾರಾ? ಮಗು ಮಾತು ಕಲಿಯೋ ವಯಸ್ಸೇ ಇದು. ಭಾಷೆ ಗಟ್ಟಿ ಆಗೋದು ಮೊದಲ ಐದಾರು ವರ್ಷದಲ್ಲಿ, ಅದು ಬಾಯಿಂದ ಬರೋ ಭಾಷೆ ಆದ್ರೂ ಅಷ್ಟೇ, ಕೈಯಿಂದ ಬರೋದಾದ್ರೂ ಅಷ್ಟೇ. ಹುಟ್ಟು ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮಂಗೆ ಕಿವಿ ಕೇಳತ್ತೆ, ಅಂದ್ರೆ ಮನೇಲಿ ಯಾರಿಗೂ ಸನ್ನೆ ಭಾಷೆ ಬರಲ್ಲ, ಮಗೂಗೆ ಅದು ತಾನಾಗೇ ಸಿಗಲ್ಲ. ದೊಡ್ಡವರು ಮೊದಲು ಕಲ್ತು ಆಮೇಲೆ ಮಗೂಗೆ ಕೊಡಬೇಕು. ನಮ್ಮನೇಲಿ ಆ ದೊಡ್ಡವಳು ನಾನು.

ಇದು ಬರೀ ಅಕ್ಕರೆಯ ವಿಷಯ ಅಲ್ಲ, ಜೀವದ ವಿಷಯಾನೂ ಹೌದು. ನಮ್ಮ ಕಡೆ ಬಚ್ಚಲ ಒಲೆ ಬೆಳಿಗ್ಗೆ ಹಚ್ಚಿದ್ರೆ ಮಧ್ಯಾಹ್ನದ ತನಕ ಕೆಂಡ ಇರತ್ತೆ. ಅವಳು ಆ ಕಡೆ ಹೋದ್ರೆ ನಾನು ಕೂಗಿದ್ದು ಅವಳಿಗೆ ಕೇಳಲ್ಲ, ಅವಳು ಏನೋ ತೋರಿಸಿದ್ದು ನಂಗೆ ಕಾಣಲ್ಲ. ಕಾಲಲ್ಲಿ ನೆಲ ಕುಟ್ಟಿ ಕರೀರಿ ಅಂತ ಎಲ್ಲೋ ಓದಿದ್ದೆ, ಅದು ಹಲಗೆ ನೆಲದ ಮನೆಗೆ ಸರಿ, ನಮ್ಮದು ಸಿಮೆಂಟ್ ನೆಲ, ಕುಟ್ಟಿದ್ರೆ ನನ್ನ ಹಿಮ್ಮಡಿ ನೋವು ಬರತ್ತೆ ಅಷ್ಟೇ. ಈಗ ಅವಳ ಕಾಲಿಗೆ ಗೆಜ್ಜೆ ಹಾಕಿ, ಅವಳು ಎಲ್ಲಿದಾಳೆ ಅಂತ ನಾನು ತಿಳ್ಕೊಳ್ಳೋದು. ಆದ್ರೆ ಹತ್ರ ಹೋದ ಮೇಲೆ ಹೇಳಕ್ಕೆ ಬೇಕಲ್ಲ, ಬಿಸಿ, ಬೇಡ, ನಿಲ್ಲು, ಇಲ್ಲಿ ಬಾ ಅಂತ. ಕೈ ಹಿಡಿದು ಎಳ್ಕೊಂಡು ಬಂದ್ರೆ ಅವಳಿಗೆ ಗೊತ್ತಾಗೋದು ಅತ್ತೆಗೆ ಸಿಟ್ಟು ಬಂದಿದೆ ಅಂತ ಮಾತ್ರ, ಯಾಕೆ ಅಂತ ಗೊತ್ತಾಗಲ್ಲ.

ಸರಿ, ಮಾಹಿತಿ ಹುಡುಕಕ್ಕೆ ಹೊರಟೆ. ನ್ಯಾಯವಾಗಿ ಹೇಳಬೇಕು ಅಂದ್ರೆ ಈ ಹತ್ತು ವರ್ಷದಲ್ಲಿ ದೇಶದಲ್ಲಿ ಆಗಿರೋ ಕೆಲಸ ಸಣ್ಣದೇನಲ್ಲ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯ್ತು. ಅವರ ಡಿಕ್ಷನರಿ 2018ರಲ್ಲಿ ಮೂರು ಸಾವಿರ ಪದದಿಂದ ಶುರುವಾಗಿ 2019ರಲ್ಲಿ ಆರು ಸಾವಿರ, 2021ರಲ್ಲಿ ಹತ್ತು ಸಾವಿರ ಪದಕ್ಕೆ ಬಂತು. ಶಾಲೆ ಪಠ್ಯಪುಸ್ತಕ ಮಾಡೋ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಜತೆ 2020ರಲ್ಲಿ ಒಪ್ಪಂದ ಆಗಿ ಒಂದನೇ ಕ್ಲಾಸಿಂದ ಹನ್ನೆರಡನೇ ಕ್ಲಾಸಿನ ತನಕ ಪಠ್ಯಪುಸ್ತಕಗಳನ್ನ ಸನ್ನೆ ಭಾಷೆಗೆ ತರೋ ಕೆಲಸ ಹಿಡಿದ್ರು. 2022ರ ಸೆಪ್ಟೆಂಬರಲ್ಲಿ ಆಪ್ ಬಿಟ್ರು, 2024ರ ಡಿಸೆಂಬರಲ್ಲಿ ಟಿವೀಲಿ ಪಾಠ ಹೇಳೋ ಸರ್ಕಾರಿ ಯೋಜನೆ ಪಿಎಂ ಇ-ವಿದ್ಯಾದ 31ನೇ ಚಾನೆಲ್ಲು ಸನ್ನೆ ಭಾಷೆಗೇ ಅಂತ ಶುರುವಾಯ್ತು. ಇದೆಲ್ಲ ಕೇಳಿ ನಂಗೆ ಖುಷಿನೇ ಆಯ್ತು. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಕಿವಿ ಕೇಳದ ಒಬ್ಬರಿದ್ರು, ಅವರಿಗೆ ಭಾಷೆನೇ ಇಲ್ಲ ಅಂತ ಊರವರೆಲ್ಲ ತೀರ್ಮಾನ ಮಾಡ್ಕೊಂಡಿದ್ರು, ಅವರು ಕೊನೆ ತನಕ ದನ ಕಾಯ್ಕೊಂಡೇ ಇದ್ರು.

ಆದ್ರೆ ಡಿಕ್ಷನರಿ ಬೇರೆ, ಮಗೂಗೆ ಮಾತು ಕಲಿಸೋದು ಬೇರೆ. ಹತ್ತು ಸಾವಿರ ಪದ ಇಟ್ಟು ಹುಡುಕ್ಕೊಳ್ಳಿ ಅಂದ್ರೆ ಮೂರು ವರ್ಷದ ಮಗು ಇರೋ ಮನೆಯವರು ಎಲ್ಲಿಂದ ಶುರು ಮಾಡಬೇಕು? ಪಠ್ಯಪುಸ್ತಕ ಒಂದನೇ ಕ್ಲಾಸಿಂದ, ನಮ್ಮ ಪುಟ್ಟಿ ಒಂದನೇ ಕ್ಲಾಸಿಗೆ ಹೋಗಕ್ಕೆ ಇನ್ನೂ ಮೂರು ವರ್ಷ ಇದೆ, ಆ ಮೂರು ವರ್ಷನೇ ಎಲ್ಲಕ್ಕಿಂತ ಮುಖ್ಯ ಅಂತ ಕಿವಿ ಪರೀಕ್ಷೆ ಮಾಡಿದ ಡಾಕ್ಟರಿಂದ ಹಿಡಿದು ಎಲ್ಲರೂ ಹೇಳ್ತಾರೆ. ಮುಖ್ಯ ಅಂತ ಹೇಳೋರು ಬಹಳ ಜನ ಇದಾರೆ, ಆ ಮೂರು ವರ್ಷದಲ್ಲಿ ಮನೇಲಿ ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಪುಸ್ತಕ ಕೈಗೆ ಕೊಟ್ಟವರು ಯಾರೂ ಇಲ್ಲ.

ಇನ್ನು ನನ್ನಂಥವಳ ಕಥೆ. ವಿಡಿಯೋ ಹಾಕಿದ್ರೆ ಕೊಳಲಿನ ಮ್ಯೂಸಿಕ್ಕು ಬರತ್ತೆ. ಅಷ್ಟೇ. ಮತ್ತೇನೂ ಇಲ್ಲ. ಯಾವ ಪದ ಅಂತ ಸ್ಕ್ರೀನ್ ಮೇಲೆ ಬರ್ಕೊಂಡಿರತ್ತಂತೆ, ಬಾಯಲ್ಲಿ ಹೇಳಲ್ಲ. ಕಿವುಡರಿಗೆ ಮಾಡಿದ ವಿಡಿಯೋದಲ್ಲಿ ಮಾತು ಯಾಕೆ ಅಂತ ನೀವು ಕೇಳಬಹುದು, ಹಂಗಾದ್ರೆ ಆ ಕೊಳಲು ಯಾರಿಗೆ ಹಾಕಿದ್ದು ಮಾರಾಯ್ರೇ? ಇನ್ನೊಂದು ಕಡೆ ಚಾರ್ಟ್ ಇದೆ ಅಂದ್ರು, ಡೌನ್‌ಲೋಡ್ ಮಾಡಿದೆ, ಟಾಕ್‌ಬ್ಯಾಕ್ "ಇಮೇಜ್" ಅಂತ ಹೇಳಿ ಸುಮ್ಮನಾಯ್ತು. ಒಂದು ಆಪ್ ಹಾಕ್ಕೊಂಡ್ರೆ ಬೆರಳು ಇಟ್ಟಲ್ಲೆಲ್ಲ "ಬಟನ್, ಬಟನ್, ಬಟನ್" ಅಂತಷ್ಟೇ ಹೇಳ್ತದೆ, ಯಾವುದಕ್ಕೂ ಹೆಸರಿಲ್ಲ. ಕನ್ನಡದಲ್ಲಿ ತಾಯಂದಿರಿಗೆ ಅಂತ ಮಾಡಿದ ಒಂದು ಕೈಪಿಡಿ ಸಿಕ್ಕಿತು, ಅದನ್ನ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದಾರೆ. ಕಣ್ಣಿರೋರಿಗೆ ಅದು ಕನ್ನಡದ ಥರನೇ ಕಾಣತ್ತೆ, ಒಳಗಡೆ ಇರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳ ಕಲಸುಮೇಲೋಗರ. ನನ್ನ ಫೋನು ಅದನ್ನ ಓದಕ್ಕೆ ಹೊರಟ್ರೆ ಮೈಮೇಲೆ ದೇವರು ಬಂದ ಹಾಗೆ ಏನೇನೋ ಬಡಬಡಿಸತ್ತೆ. ಯೂನಿಕೋಡಲ್ಲಿ, ಅಂದ್ರೆ ಎಲ್ಲಾ ಫೋನೂ ಕನ್ನಡ ಅಂತಲೇ ಗುರುತು ಹಿಡಿಯೋ ಅಕ್ಷರದಲ್ಲಿ, ಟೈಪ್ ಮಾಡಿದ್ರೆ ಈ ತೊಂದರೆನೇ ಇಲ್ಲ, ಇದು ಇವತ್ತು ನಿನ್ನೆ ಗೊತ್ತಾಗಿದ್ದಲ್ಲ.

ಇಂಗ್ಲಿಷಲ್ಲಿ ಹುಡುಕಿದ್ರೆ ಮಾತ್ರ, ಪ್ರತಿ ಸನ್ನೆನೂ ಮಾತಲ್ಲಿ ಬರೆದಿರೋದು ಸಿಗತ್ತೆ. ಕೈ ಹೀಗೆ ಇಟ್ಕೊಳ್ಳಿ, ಗಲ್ಲಕ್ಕೆ ಮುಟ್ಟಿಸಿ, ಮುಂದಕ್ಕೆ ತನ್ನಿ ಅಂತ. ಟಾಕ್‌ಬ್ಯಾಕ್ ಅಚ್ಚುಕಟ್ಟಾಗಿ ಓದತ್ತೆ. ಆದ್ರೆ ಅದೆಲ್ಲ ಅಮೆರಿಕದ ಸನ್ನೆ ಭಾಷೆ. ನಮ್ಮ ಭಾರತೀಯ ಸನ್ನೆ ಭಾಷೆ ಬೇರೆನೇ ಭಾಷೆ. ಅವರು ಇಂಗ್ಲಿಷ್ ಅಕ್ಷರನ ಒಂದೇ ಕೈಯಲ್ಲಿ ತೋರಿಸ್ತಾರೆ, ನಮ್ಮಲ್ಲಿ ಎರಡು ಕೈ ಬೇಕು. ಅದನ್ನ ಕಲಿಸಿಬಿಟ್ರೆ ನಾಳೆ ಪುಟ್ಟಿ ಶಿವಮೊಗ್ಗಕ್ಕೋ ಮೈಸೂರಿಗೋ ಓದಕ್ಕೆ ಹೋದಾಗ ಅಲ್ಲಿನ ಕಿವುಡ ಮಕ್ಕಳ ಜತೆ ಮಾತಾಡಕ್ಕೆ ಆಗಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ. ಸನ್ನೆನ ಮಾತಲ್ಲಿ ಬರೆಯಕ್ಕೆ ಆಗಲ್ಲ, ನೋಡೇ ಕಲೀಬೇಕು ಅಂತ ಬಹಳ ಜನ ನಂಬಿದಾರೆ, ಅಧಿಕಾರಿಗಳೂ ನಂಬಿದಾರೆ. ಅದು ನಿಜ ಅಲ್ಲ. ಅಮೆರಿಕದಲ್ಲಿ ವಿಲಿಯಂ ಸ್ಟೋಕಿ ಅನ್ನೋ ಪ್ರೊಫೆಸರು 1960ರಲ್ಲೇ ಸನ್ನೆಗಳನ್ನ ಬಿಡಿಸಿ ತೋರಿಸಿದ್ರು, ಒಂದು ಸನ್ನೆ ಅಂದ್ರೆ ಕೈ ಯಾವ ಆಕಾರದಲ್ಲಿದೆ, ದೇಹದ ಯಾವ ಜಾಗದಲ್ಲಿದೆ, ಹೇಗೆ ಚಲಿಸತ್ತೆ ಅನ್ನೋದರ ಜೋಡಣೆ ಅಂತ. ಸನ್ನೆ ಭಾಷೆ ಬರೀ ಕೈಬಾಯಿ ಸನ್ನೆ ಅಲ್ಲ, ನಿಜವಾದ ಭಾಷೆ ಅಂತ ಲೋಕ ಒಪ್ಪಿದ್ದೇ ಆ ಕೆಲಸದಿಂದ. ಆಮೇಲೆ ಬಂದವರು ಅದಕ್ಕೆ ಅಂಗೈ ಯಾವ ಕಡೆ ತಿರುಗಿದೆ ಅನ್ನೋದನ್ನೂ ಮುಖದ ಭಾವನೂ ಸೇರಿಸಿದ್ರು. ಈ ಐದು ವಿಷಯ ಹೇಳಿದ್ರೆ ಯಾವ ಸನ್ನೆ ಬೇಕಾದ್ರೂ ಕತ್ತಲಲ್ಲಿ ಕೂತು ಮಾಡಬಹುದು.

ಉದಾಹರಣೆಗೆ ಊಟ ಮಾಡು ಅನ್ನೋದನ್ನ ತಗೊಳ್ಳಿ. ಬಲಗೈಯ ಐದೂ ಬೆರಳ ತುದಿ ತುತ್ತು ಹಿಡಿದ ಹಾಗೆ ಸೇರಿಸಿ, ಬೆರಳ ತುದಿ ಬಾಯಿ ಕಡೆ ಇರಲಿ, ಬಾಯಿ ಹತ್ರಕ್ಕೆ ಒಂದೆರಡು ಸಲ ತನ್ನಿ. ಆಯ್ತಲ್ಲ, ಎರಡು ಸಾಲು. ಹೆಂಗಸು ಅನ್ನಕ್ಕೆ ತೋರುಬೆರಳ ತುದಿನ ಮೂಗುತಿ ಇಡೋ ಜಾಗಕ್ಕೆ ಮುಟ್ಟಿಸೋದು, ಗಂಡಸು ಅನ್ನಕ್ಕೆ ಮೀಸೆ ತೀಡೋದು. ಇಂಗ್ಲಿಷ್ ಅಕ್ಷರದಲ್ಲಿ ಎ, ಇ, ಐ, ಓ, ಯು ಐದೂ ಎಡಗೈಯ ಐದು ಬೆರಳ ತುದಿ, ಬಲಗೈ ತೋರುಬೆರಳಲ್ಲಿ ಹೆಬ್ಬೆರಳಿನ ತುದಿ ಮುಟ್ಟಿದ್ರೆ ಎ, ಹಾಗೇ ಸಾಲಾಗಿ ಹೋಗಿ ಕಿರುಬೆರಳಿಗೆ ಮುಟ್ಟಿದ್ರೆ ಯು. ಇದನ್ನ ಕೇಳಿದ ದಿನ ನಾನು ಜೋರಾಗಿ ನಕ್ಕೆ, ಇದಂತೂ ಪೂರ್ತಿ ಮುಟ್ಟಿ ಮಾಡೋ ಕೆಲಸ, ಬ್ರೈಲ್ ಓದೋರಿಗೆ ಇದಕ್ಕಿಂತ ಸಲೀಸು ಯಾವುದಿದೆ!

ಇಷ್ಟು ನಂಗೆ ಕಲಿಸಿದ್ದು ಯಾವ ಇಲಾಖೆನೂ ಅಲ್ಲ, ಶಿವಮೊಗ್ಗದಲ್ಲಿ ಟೈಲರಿಂಗ್ ಮಾಡೋ ಒಬ್ಬರು ಅಕ್ಕ. ಅವರಿಗೆ ಕಿವಿ ಕೇಳಲ್ಲ, ಅವರ ಮಗಳಿಗೆ ಕೇಳತ್ತೆ, ಮಗಳು ನಡುವೆ ಕೂತು ಹೇಳ್ತಿದ್ಲು. ನಮ್ಮ ನೆಂಟರೊಬ್ಬರ ಪರಿಚಯದಿಂದ ಸಿಕ್ಕಿದ್ದು, ಆಕಸ್ಮಿಕ. ಆ ಅಕ್ಕ ಏನು ಮಾಡಿದ್ರು ಗೊತ್ತಾ, ನಂಗೆ ಕಾಣಲ್ಲ ಅಂತ ಗೊತ್ತಾದ ತಕ್ಷಣ ಒಂಚೂರೂ ಗಾಬರಿ ಆಗದೆ ನನ್ನ ಕೈನ ತಮ್ಮ ಕೈ ಮೇಲೆ ಇಟ್ಕೊಂಡು ಸನ್ನೆ ಮಾಡಿದ್ರು, ಆಮೇಲೆ ನಾನು ಮಾಡಿದಾಗ ಅಂಗೈ ತಿರುವು ತಪ್ಪಿದ್ರೆ ಮೆತ್ತಗೆ ತಿರುಗಿಸ್ತಿದ್ರು. ಕಣ್ಣೂ ಕಿವಿನೂ ಎರಡೂ ಇಲ್ಲದವರು ಹೀಗೇ ಮಾತಾಡೋದಂತೆ, ಮಾತಾಡೋರ ಕೈ ಕೆಳಗೆ, ಕೇಳಿಸ್ಕೊಳ್ಳೋರ ಕೈ ಮೇಲೆ.

ಪದಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಮಗು ಜತೆ ಹೇಗೆ ಅಂತ ಅವರು ಹೇಳಿಕೊಟ್ಟಿದ್ದು. ಮಗು ಎತ್ತರಕ್ಕೆ ಕೂರಬೇಕು, ನಿಂತು ಸನ್ನೆ ಮಾಡಬಾರದು. ಬೆಳಕು ನಮ್ಮ ಮುಖದ ಮೇಲೆ ಬೀಳಬೇಕು, ಕಿಟಕಿಗೆ ಬೆನ್ನು ಹಾಕಿ ಕೂತ್ರೆ ಮಗೂಗೆ ನಮ್ಮ ಮುಖ ಕಪ್ಪಾಗಿ ಕಾಣತ್ತೆ. ನಂಗೆ ಇದು ಹೊಳೆಯೋ ವಿಷಯನೇ ಅಲ್ಲ, ಬೆಳಕು ಯಾವ ಕಡೆ ಅಂತ ಈಗ ಬಿಸಿಲಿನ ಕಾವಲ್ಲಿ ನೋಡ್ಕೊಂಡು ಕೂರ್ತೀನಿ. ಕರೆಯಕ್ಕೆ ಭುಜ ಮುಟ್ಟಬೇಕು, ಅವಳು ನಮ್ಮ ಕಡೆ ತಿರುಗೋ ತನಕ ಕಾಯಬೇಕು, ಅವಳ ಕಣ್ಣು ಆಟದ ಸಾಮಾನಿನ ಮೇಲಿದ್ದಾಗ ನಾವು ಕೈ ಆಡಿಸಿದ್ರೆ ಅದು ಗೋಡೆಗೆ ಹೇಳಿದ ಹಾಗೆ. ಕಿವಿ ಕೇಳೋ ಮಗು ಬೆಕ್ಕನ್ನ ನೋಡ್ತಾನೇ ಬೆಕ್ಕು ಅನ್ನೋ ಮಾತು ಕೇಳಬಹುದು, ಕೇಳದ ಮಗು ಮೊದಲು ಬೆಕ್ಕು ನೋಡಬೇಕು, ಆಮೇಲೆ ನಮ್ಮ ಕೈ ನೋಡಬೇಕು, ಅದಕ್ಕೆ ಟೈಮ್ ಕೊಡಬೇಕು. ಇಲ್ಲಾಂದ್ರೆ ಸನ್ನೆನ ಆ ಸಾಮಾನಿನ ಪಕ್ಕದಲ್ಲೇ ಮಾಡಬೇಕು. ಬಿಡಿ ಪದ ತೋರಿಸಿ ಪರೀಕ್ಷೆ ಮಾಡಬಾರದು, ಸಣ್ಣ ಸಣ್ಣ ವಾಕ್ಯದಲ್ಲೇ ಮಾತಾಡಬೇಕು. ಹೌದಾ ಅಲ್ವಾ ಅಂತ ಕೇಳೋವಾಗ ಹುಬ್ಬು ಮೇಲಕ್ಕೆ ಹೋಗಬೇಕು, ಇಲ್ಲ ಅನ್ನೋವಾಗ ತಲೆ ಅಲ್ಲಾಡಬೇಕು, ಮುಖ ಸುಮ್ಮನಿದ್ರೆ ಅದು ಪ್ರಶ್ನೆನೇ ಆಗಲ್ಲ. ನನ್ನ ಮುಖ ಎಷ್ಟೋ ವರ್ಷದಿಂದ ಸುಮ್ಮನಿತ್ತು, ಎದುರಿಗಿರೋರ ಮುಖ ಕಾಣದೆ ಹೋದ್ರೆ ನಮ್ಮ ಮುಖನೂ ಮರೆತು ಹೋಗತ್ತೆ. ಈಗ ಪುಟ್ಟಿಗೋಸ್ಕರ ಹುಬ್ಬು ಏರಿಸಕ್ಕೆ ಪ್ರಾಕ್ಟೀಸ್ ಮಾಡ್ತೀನಿ, ಅತ್ತಿಗೆ ನಗ್ತಾಳೆ, ನಗಲಿ.

ಇನ್ನೊಂದು ಗೊತ್ತಾಗಿದ್ದು, ಕನ್ನಡದವರಿಗೆ ಇದು ಇಂಗ್ಲಿಷಿಗಿಂತ ಹತ್ರ. ಕ್ರಿಯಾಪದ ಕೊನೇಲಿ ಬರತ್ತೆ, ಏನು ಎಲ್ಲಿ ಅನ್ನೋ ಪ್ರಶ್ನೆನೂ ಕೊನೇಲೇ ಬರತ್ತೆ. ಮನೆ ಎಲ್ಲಿ, ಹೆಸರು ಏನು, ಹೀಗೆ. ಇಷ್ಟು ಹತ್ರ ಇರೋ ಭಾಷೆನ ನಾವು ಇಂಗ್ಲಿಷ್ ವಿವರಣೆ ಮೂಲಕ ಸುತ್ತಿ ಬಳಸಿ ಯಾಕೆ ಕಲೀಬೇಕು ಹೇಳಿ.

ಪುಟ್ಟಿಗೆ ಅತ್ತೆ ಬೇರೆ ಥರ ಅಂತ ಈಗ ಗೊತ್ತಾಗಿದೆ. ಅವಳಮ್ಮನ ಹತ್ರ ಹೋದ್ರೆ ಎದುರಿಗೆ ನಿಂತು ಕೈ ಆಡಿಸ್ತಾಳಂತೆ, ನನ್ನ ಹತ್ರ ಬಂದ್ರೆ ಮೊದಲು ನನ್ನ ಎರಡೂ ಕೈ ತಗೊಂಡು ತನ್ನ ಕೈ ಮೇಲೆ ಇಟ್ಕೊಳ್ತಾಳೆ, ಆಮೇಲೆ ಹೇಳ್ತಾಳೆ. ಇದನ್ನ ಯಾರೂ ಅವಳಿಗೆ ಕಲಿಸಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ್ರೆ ಒಂದೊಂದ್ಸಲ ಎರಡು ಮೂರು ದಿನ ಬರಲ್ಲ, ಸಂಜೆ ಮೇಲೆ ಮನೇಲಿ ಅಣ್ಣ ಅತ್ತಿಗೆ ಟಾರ್ಚ್ ಹುಡುಕಿ ಮುಖಕ್ಕೆ ಬಿಟ್ಕೊಂಡು ಅವಳ ಜತೆ ಮಾತಾಡಬೇಕು. ನಂಗೆ ಯಾವ ಟಾರ್ಚೂ ಬೇಡ. ಮುಟ್ಟಿ ಮಾಡೋ ಸನ್ನೆ ಕುರುಡರಿಗೆ ಮಾತ್ರ ಬೇಕಾದ್ದು ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಜುಲೈಯಲ್ಲಿ ಒಂದು ರಾತ್ರಿ ನಮ್ಮನೆಗೆ ಬನ್ನಿ.

ಕೆಲವರು ಕೇಳ್ತಾರೆ, ಕಾಕ್ಲಿಯರ್ ಇಂಪ್ಲಾಂಟ್ (ಕೇಳಕ್ಕೆ ಅಂತ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸೋ ಮಶಿನ್) ಮಾಡಿಸಲ್ವಾ, ಸನ್ನೆ ಕಲಿಸಿದ್ರೆ ಮಗು ಮಾತೇ ಆಡಲ್ವಂತೆ ಅಂತ. ಆಪರೇಷನ್ ವಿಷಯ ಅಣ್ಣ ಅತ್ತಿಗೆ ಡಾಕ್ಟರ ಜತೆ ಮಾತಾಡ್ತಿದಾರೆ, ಅದು ಅವರ ತೀರ್ಮಾನ. ಆದ್ರೆ ಆಪರೇಷನ್ ಆದ ಮಾರನೇ ದಿನ ಮಗು ಮಾತಾಡಲ್ಲ, ಮಶಿನ್ ಸೆಟ್ ಮಾಡಿಸಕ್ಕೆ ಮತ್ತೆ ಮತ್ತೆ ಹೋಗಬೇಕು, ವರ್ಷಗಟ್ಲೆ ಥೆರಪಿ ಮಾಡಿಸಬೇಕು, ಸ್ನಾನ ಮಾಡೋವಾಗ ಮಲಗೋವಾಗ ಹೊರಗಿನ ಮಶಿನ್ ತೆಗೆದಿಡಬೇಕು, ಆಗೆಲ್ಲ ಮಗು ಮತ್ತೆ ಕಿವುಡೇ. ಸನ್ನೆ ಕಲಿಯೋದರಿಂದ ಮಾತು ಕೆಡತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಒಂದು ಭಾಷೆ ಸರಿಯಾಗಿ ಸಿಕ್ಕಿದ ಮಗೂಗೆ ಇನ್ನೊಂದು ಭಾಷೆ ಕಲಿಯಕ್ಕೆ ಅನುಕೂಲನೇ. ಇಂಥ ಹೆದರಿಕೆ ಹುಟ್ಟಿಸೋ ಮಾತು ಆಸ್ಪತ್ರೆ ಕಾರಿಡಾರಲ್ಲಿ ಸುಲಭವಾಗಿ ಸಿಗತ್ತೆ, ಸರಿಯಾದ ಮಾಹಿತಿ ಸಿಗಲ್ಲ, ಅದೇ ನನ್ನ ದೂರು.

ಕಾನೂನು ನಂಗಿಂತ ನಿಮಗೆ ಚೆನ್ನಾಗಿ ಗೊತ್ತು, ಆದ್ರೂ ನೆನಪಿಸ್ತೀನಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಆಡಿಯೋ, ಪ್ರಿಂಟ್, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇರೋದೆಲ್ಲ ವಿಕಲಚೇತನರು ಬಳಸಕ್ಕೆ ಆಗೋ ರೂಪದಲ್ಲಿ ಇರೋ ಹಾಗೆ ಸರ್ಕಾರ ನೋಡ್ಕೊಬೇಕು, ಅದೇ ಸೆಕ್ಷನ್ನಲ್ಲಿ ಸನ್ನೆ ಭಾಷೆ ಅನುವಾದ, ಕ್ಯಾಪ್ಷನ್, ಕಾಣದವರಿಗೆ ದೃಶ್ಯನ ಮಾತಲ್ಲಿ ವಿವರಿಸೋದು ಮೂರೂ ಒಟ್ಟಿಗೆ ಇದಾವೆ. ಒಂದೇ ವಾಕ್ಯದಲ್ಲಿ ಕಾನೂನು ಕಿವುಡರನ್ನೂ ಕುರುಡರನ್ನೂ ಜತೇಲಿ ಕೂರಿಸಿದೆ, ಇಲಾಖೆಗಳು ಮಾತ್ರ ಬೇರೆ ಬೇರೆ ಬೆಂಚಲ್ಲಿ ಕೂರಿಸ್ತಾವೆ. ಹೊಸ ಶಿಕ್ಷಣ ನೀತಿ 2020ರಲ್ಲಿ ಭಾರತೀಯ ಸನ್ನೆ ಭಾಷೆಗೆ ರಾಷ್ಟ್ರ ಮಟ್ಟದಲ್ಲಿ, ರಾಜ್ಯ ಮಟ್ಟದಲ್ಲಿ ಪಠ್ಯ ಸಾಮಗ್ರಿ ಮಾಡ್ತೀವಿ, ಸ್ಥಳೀಯ ಸನ್ನೆಗಳಿಗೂ ಗೌರವ ಕೊಡ್ತೀವಿ ಅಂತ ಬರೆದಿದೆ. 2023ರ ನವೆಂಬರಲ್ಲಿ ಕೇಂದ್ರದಿಂದ ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳಿಗೆ ಅಂತ ಪ್ರತ್ಯೇಕ ಮಾರ್ಗಸೂಚಿ ಬಂದಿದೆ. ಸರ್ಕಾರಿ ವೆಬ್‌ಸೈಟ್ ಹೇಗಿರಬೇಕು ಅಂತ 2009ರಿಂದ ನಿಯಮ ಇದೆ. ಅಂದ್ರೆ ಕಾಗದಕ್ಕೆ ಬರ ಇಲ್ಲ.

ಹಂಗಾಗಿ ನನ್ನ ಕೇಳಿಕೆ ಇಷ್ಟು. ಮೊದಲನೇದು, ಎಲ್ಲಕ್ಕಿಂತ ಮುಖ್ಯವಾದ್ದು, ಸನ್ನೆ ಭಾಷೆ ವಿಡಿಯೋ ಏನು ಮಾಡ್ತೀರೋ ಅದರ ಕೆಳಗೆ ಕನ್ನಡದಲ್ಲಿ ಮೂರು ನಾಲ್ಕು ಸಾಲು ವಿವರ ಬರೀರಿ, ಕೈ ಆಕಾರ, ಜಾಗ, ಅಂಗೈ, ಚಲನೆ, ಮುಖ. ಯೂನಿಕೋಡಲ್ಲಿ ಬರೀರಿ, ಫೋಟೋ ತೆಗೆದು ಹಾಕಬೇಡಿ. ವಿಡಿಯೋದಲ್ಲಿ ಆ ಕೊಳಲಿನ ಬದಲು ಯಾರಾದ್ರೂ ಅದೇ ವಿವರನ ಬಾಯಲ್ಲಿ ಓದಲಿ. ಇದರಿಂದ ಕಿವುಡರಿಗೆ ಏನೂ ನಷ್ಟ ಇಲ್ಲ, ನಂಗೆ ಲಾಭ, ನಂಗಿಂತ ಜಾಸ್ತಿ ಲಾಭ ನಮ್ಮ ಕಡೆ ಹಳ್ಳಿಯವರಿಗೆ. ಯಾಕಂದ್ರೆ ನೆಟ್‌ವರ್ಕ್ ಬೇಕು ಅಂದ್ರೆ ಗುಡ್ಡದ ಮೇಲಿನ ಗೇರುಮರದ ಹತ್ರ ಹೋಗಬೇಕಾದ ಮನೆಗಳಲ್ಲಿ ವಿಡಿಯೋ ತಿರುಗ್ತಾನೇ ಇರತ್ತೆ, ಬರೆದಿದ್ದು ಒಂದು ಮೆಸೇಜಲ್ಲಿ ಬಂದು ಬೀಳತ್ತೆ, ಇಲ್ಲಾಂದ್ರೆ ಪ್ರಿಂಟ್ ತೆಗೆದು ಅಂಗನವಾಡಿ ಗೋಡೆಗೆ ಅಂಟಿಸಬಹುದು, ಓದಕ್ಕೆ ಬರದ ಅಜ್ಜಿಗೂ ಯಾರಾದ್ರೂ ಓದಿ ಹೇಳಬಹುದು. ರಾಜ್ಯದಲ್ಲಿ ಬ್ರೈಲ್ ಅಚ್ಚು ಮಾಡೋ ವ್ಯವಸ್ಥೆ ಇದೆ, ಅದೇ ಬರಹನ ಬ್ರೈಲಲ್ಲೂ ಕೊಡಿ, ಒಂದು ಸಲ ಯೂನಿಕೋಡಲ್ಲಿ ಬರೆದಿಟ್ರೆ ಬ್ರೈಲಿಗೆ ತರೋದು ದೊಡ್ಡ ಕೆಲಸ ಏನಲ್ಲ.

ಆಮೇಲೆ, ಹತ್ತು ಸಾವಿರ ಪದ ಇರಲಿ, ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಬೇಕಾದ ಮೊದಲ ನೂರು ಇನ್ನೂರು ಪದ ಆರಿಸಿ ಬೇರೆ ಮಾಡಿ ಕೊಡಿ, ಅದರ ಜತೆ ಟೈಲರ್ ಅಕ್ಕ ಹೇಳಿದಂಥ ವಿಷಯಗಳನ್ನ ಸೇರಿಸಿ. ಆ ಪದಗಳು ನಮ್ಮ ಮನೆಯವು ಆಗಿರಲಿ. ಏರೋಪ್ಲೇನು, ಜಿರಾಫೆ ಆಮೇಲೆ ಕಲ್ತರೆ ಸಾಕು. ಪುಟ್ಟಿಗೆ ದಿನಾ ಬೇಕಾಗೋದು ಕೊಟ್ಟಿಗೆ, ಕರು, ಉಂಬಳ (ಜಿಗಣೆ), ಕಂಬಳಿ, ಬಚ್ಚಲು, ಗಂಜಿ, ಮಂಗ. ಉಂಬಳ ಕಚ್ಚಿದೆ ಅಂತ ಹೇಳಕ್ಕೆ ಬರದ ಮಗು ಮಲೆನಾಡಲ್ಲಿ ಹೇಗೆ ಬದುಕತ್ತೆ! ಇಂಥ ಸನ್ನೆಗಳನ್ನ ಆಫೀಸಲ್ಲಿ ಕೂತು ಹೊಸದಾಗಿ ಕಟ್ಟಬೇಡಿ, ಇಲ್ಲೇ ಸಾಗರ ತೀರ್ಥಹಳ್ಳಿ ಕಡೆ ಇರೋ ದೊಡ್ಡ ಕಿವುಡರನ್ನ ಕರೆದು ಕೇಳಿ, ಅವರ ಹತ್ರ ಇದ್ದೇ ಇರತ್ತೆ.

ಆ ದೊಡ್ಡವರಿಗೆ ಕೆಲಸನೂ ಕೊಡಿ. ವಿಕಲಚೇತನರ ಕೆಲಸಕ್ಕೆ ಅಂತ ಪಂಚಾಯ್ತಿಗೆ ಒಬ್ಬರು ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದಾರೆ, ಪೆನ್ಶನ್ನು, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಅಂತ ಓಡಾಡಿಸೋ ಅಷ್ಟರಲ್ಲೇ ಅವರಿಗೆ ದಿನ ಮುಗಿಯತ್ತೆ, ಅವರಿಗೆ ಸಿಗೋ ಗೌರವಧನ ನೋಡಿದ್ರೆ ಇನ್ನೂ ಜಾಸ್ತಿ ಕೆಲಸ ಹೇಳಕ್ಕೆ ನಂಗೇ ನಾಚಿಕೆ ಆಗತ್ತೆ. ಕಿವುಡು ಮಗು ಇರೋ ಮನೆಗೆ, ಆ ಊರಿನ ಅಂಗನವಾಡಿಗೆ, ವಾರಕ್ಕೆ ಒಂದು ಸಲ ಸನ್ನೆ ಭಾಷೆ ಬರೋ ಒಬ್ಬರು ಕಿವುಡರೇ ಹೋಗೋ ಹಾಗೆ ಮಾಡಿ, ಬಸ್ ಚಾರ್ಜು ಮತ್ತೆ ಮರ್ಯಾದೆಯಾದ ಸಂಬಳ ಕೊಟ್ಟು. ನಮ್ಮ ಅಂಗನವಾಡಿ ಟೀಚರು ಒಳ್ಳೆಯವರು, ಪುಟ್ಟಿನ ಮುಂದೆ ಕೂರಿಸ್ಕೊಳ್ತಾರೆ, ಹಾಡು ಹೇಳಿ ಕೈ ತಿರುಗಿಸೋವಾಗ ಅವಳೂ ತಿರುಗಿಸ್ತಾಳೆ, ಅದನ್ನೇ ಸನ್ನೆ ಭಾಷೆ ಅಂತ ಅವರು ತಿಳ್ಕೊಂಡಿದಾರೆ. ಬೇರೆ ಯಾರೂ ಅವರಿಗೆ ತಿಳಿಸಿಲ್ಲ.

ಕೊನೇದು ಸಣ್ಣ ವಿಷಯ. ಮಗೂಗೆ ಕಿವಿ ಕೇಳಲ್ಲ ಅಂತ ರಿಪೋರ್ಟ್ ಕೈಗೆ ಕೊಡ್ತೀರಲ್ಲ, ಆ ರಿಪೋರ್ಟ್ ಜತೆ ಒಂದು ಹಾಳೆ ಕೊಡಿ, ಮನೇಲಿ ಇವತ್ತಿಂದಲೇ ಏನು ಮಾಡಬಹುದು, ಜಿಲ್ಲೆಯಲ್ಲಿ ಸನ್ನೆ ಭಾಷೆ ಯಾರ ಹತ್ರ ಕಲೀಬಹುದು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ. ಅಣ್ಣ ಅತ್ತಿಗೆ ಆ ದಿನ ರಿಪೋರ್ಟ್ ಹಿಡ್ಕೊಂಡು ಬಸ್ಸಲ್ಲಿ ಬಂದಿದ್ದು, ಮನೆಗೆ ಬಂದು ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಆ ಹಾಳೆ ಇದ್ದಿದ್ರೆ ಅದನ್ನ ಓದ್ತಾ ಕೂರ್ತಿದ್ವಿ.

ವಿವರ ಬರೆಯೋ ಕೆಲಸ ನೀವು ಶುರು ಮಾಡೋದಾದ್ರೆ ನಾನೂ ಸೇರ್ತೀನಿ. ನೀವು ಬರೆದಿದ್ದು ಕಣ್ಣಿರೋರು ಓದಿದ್ರೆ ಸರಿ ಇದೆಯಾ ಇಲ್ವಾ ಗೊತ್ತಾಗಲ್ಲ, ಯಾಕಂದ್ರೆ ಅವರು ವಿಡಿಯೋ ಕದ್ದು ನೋಡಿರ್ತಾರೆ. ಮೊದಲು ಇಪ್ಪತ್ತು ಪದ ಬರೆದು ಕಳಿಸಿ. ನಾನು ಓದಿ, ಸನ್ನೆ ಮಾಡಿ, ಅಣ್ಣನ ಕೈಲಿ ವಿಡಿಯೋ ಮಾಡಿಸಿ ಕಳಿಸ್ತೀನಿ. ಟೈಲರ್ ಅಕ್ಕ ನೋಡಿ ಯಾವುದು ತಪ್ಪಿದೆ ಅಂತ ಹೇಳಲಿ, ತಪ್ಪಿದ್ದನ್ನ ತಿದ್ದಿ ಮತ್ತೆ ಬರೀರಿ. ನಂಗೆ ಸಂಬಳ ಬೇಡ, ಅಕ್ಕಂಗೆ ಕೊಡಬೇಕು. ಮಧ್ಯಾಹ್ನ ಒಂದೂವರೆ ಮೇಲೆ ನಾನು ಫ್ರೀ ಇರ್ತೀನಿ, ಅಡಿಕೆ ಸುಲಿಯೋ ಕಾಲದಲ್ಲಿ ಮಾತ್ರ ಸ್ವಲ್ಪ ಕಷ್ಟ, ಹಂಗಾಗಿ ಕೊಯ್ಲು ಶುರುವಾಗೋ ಮುಂಚೆ ಕಳಿಸಿದ್ರೆ ಒಳ್ಳೇದು.

ಇಂತಿ ನಿಮ್ಮ ವಿಶ್ವಾಸಿ,
ಪುಟ್ಟಿಯ ಅತ್ತೆ
ಹೊಸನಗರ ತಾಲೂಕು, ಶಿವಮೊಗ್ಗ ಜಿಲ್ಲೆ